ದಿಂಬಿನ ಮೇಲಿನ ದೊರೆ

ಗೆಳೆಯಾ ಸದಾಶಿವಾ, ದೊರೆಗಳಿಗೆ ನಿಮ್ಮ ಖಾಯಂ ರೈತನ ನಮಸ್ಕಾರ.

ನೀನು ತೀರಿಹೋದ ಮೇಲೆ ನಾನು ಹೊಟ್ಟೆ ತುಂಬ ನಕ್ಕದ್ದು ಮೊನ್ನೆಯೇ. ನಿನಗಲ್ಲದೆ ಇನ್ನು ಯಾರಿಗೆ ಹೇಳಲಿ?

ಹೊಸಂಗಡಿಯ ಆ ಮೊದಲ ತಾಳಮದ್ದಳೆ ನೆನಪುಂಟಲ್ಲ? ಪುರಾಣ ಬಿಟ್ಟು ಇಂಗ್ಲಿಷ್ ದೊರೆಯ ಮೇಲೆ ನೀನೇ ಪ್ರಸಂಗ ಬರೆದಿದ್ದೆ. ಮೀಸೆ ಮೂಡುವ ಮೊದಲೇ ಹಡಗು ಹತ್ತಿ ಬಂದವ, ಕುದುರೆ ಪಡೆಯಲ್ಲಿ ಕತ್ತಿ ಬೀಸಿದವ, ಯುದ್ಧ ಮುಗಿದ ಮೇಲೆ ಅದೇ ಕುದುರೆ ಏರಿ ನಮ್ಮ ಕಡೆಗೆ ಕಂದಾಯ ನಿಗದಿ ಮಾಡಲು ಬಂದ ಕಲೆಕ್ಟರ್. ನೀನು ದೊರೆ, ನಾನು ರೈತ. ವೇಷವಿಲ್ಲ, ಕುಣಿತವಿಲ್ಲ, ಕೂತು ವಾದ ಮಾಡುವುದಷ್ಟೇ ನಮ್ಮ ಕೆಲಸ. ಆದರೂ ನೀನು ನಿನ್ನ ಕುರ್ಚಿಯ ಮೇಲೊಂದು ತಲೆದಿಂಬು ಇಡಿಸಿದೆ. "ದೊರೆ ಕುದುರೆ ಮೇಲೆ ಇರುವವ ಮಾರಾಯ, ನಿನ್ನ ಸಮಕ್ಕೆ ಕೂತರೆ ಹೇಗೆ?" ಎಂದೆ.

ಮಂಗಲ್ಪಾಡಿಯ ಕೂಟದಲ್ಲಿ ಕಂದಾಯ ಅನ್ಯಾಯವೆಂದು ನಾನು ಗಂಟಲು ಹರಿಯುವಷ್ಟು ಕೂಗಿದ್ದೆ. "ದಾರಿ ಮಾಡಿಸಿದವರಾರು? ಕಳ್ಳರನ್ನು ಓಡಿಸಿದವರಾರು?" ಎಂದು ನೀನು ಮೆಲ್ಲಗೆ ಶುರುಮಾಡಿದೆ, ಕೊನೆಗೆ ಸಭೆಯೆಲ್ಲ ದೊರೆಯ ಕಡೆ. ನನ್ನ ಹೆಂಡತಿಯೂ ಚಪ್ಪಾಳೆ ತಟ್ಟಿದಳು. ಒಮ್ಮೆಯಾದರೂ ನಿನ್ನ ಬಾಯಿ ಕಟ್ಟಬೇಕೆಂದು ನಾನು ಎಷ್ಟು... ಹೋಗಲಿ.

ನೀನಿಲ್ಲದೆ ಆ ಪ್ರಸಂಗವೂ ಮುಗಿದ ಹಾಗೆಯೇ ಎಂದು ಹಾಡುವ ಭಾಗವತರು ಹೇಳಿದಾಗ ನನಗೆ ತಡೆಯಲಾಗಲಿಲ್ಲ. "ದೊರೆ ನಾನೇ ಆಗ್ತೇನೆ" ಎಂದುಬಿಟ್ಟೆ. ಹಾಗಾದರೆ ರೈತ ಯಾರು? "ನಾನು ಕೂತುಕೊಳ್ತೇನೆ ಮಾವ" ಎಂದಳು ನಿನ್ನ ಮಗಳು ಅಪರ್ಣ.

ಮೊನ್ನೆ ನೆಕ್ರಾಜೆಯಲ್ಲಿ ಅದೇ ದಿಂಬು, ಕೇಳಿ ಕೇಳಿ ನನಗೆ ಬಾಯಿಪಾಠವಾಗಿದ್ದ ನಿನ್ನದೇ ಮಾತುಗಳು. ದಾರಿಯ ಬಗ್ಗೆ ಭರ್ಜರಿಯಾಗಿ ಹೇಳಿ ಮೀಸೆಯನ್ನೂ ತಿರುವಿದೆ. ಅಪರ್ಣ ಸ್ವರ ಏರಿಸಲಿಲ್ಲ. "ದೊರೆಗಳೇ, ಕುದುರೆಯ ಮೇಲಿಂದ ತಮಗೆ ನಮ್ಮ ತಲೆಗಳಷ್ಟೇ ಕಾಣುತ್ತವೆ. ಒಮ್ಮೆ ಇಳಿದು ನೋಡಿ. ಕೆಳಗೆ ಹೊಟ್ಟೆಯೂ ಉಂಟು" ಎಂದಳು.

ತಾಳಮದ್ದಳೆಯಲ್ಲಿ ಕೂತವ ನಡುವೆ ಏಳುವ ಕ್ರಮವಿಲ್ಲವೆಂದು ನನಗೆ ಗೊತ್ತಿಲ್ಲವೇ? ಆದರೂ ಎದ್ದೆ. ದಿಂಬನ್ನು ತೆಗೆದು ಬದಿಗಿಟ್ಟು ಬರೀ ಕುರ್ಚಿಯಲ್ಲಿ ಕೂತೆ. ಭಾಗವತರು ನಗು ತಡೆಯಲಾರದೆ ಮುಂದಿನ ಪದವನ್ನೇ ಮರೆತರು. ಸೋತು ಇಷ್ಟು ಖುಷಿಯಾದದ್ದು ನನಗೆ ಯಾವತ್ತೂ ಇಲ್ಲ. ಆ ಹೊತ್ತಿಗೆ ನೀನು ಇರಬೇಕಿತ್ತು.

ಮುಂದಿನ ಸಲ ದೊರೆ ಅವಳೇ. ದಿಂಬು ತರಲಾ ಎಂದು ಕೇಳಿದೆ. "ಬೇಡ ಮಾವ, ನನ್ನ ದೊರೆ ನಡೆದುಕೊಂಡೇ ಬರ್ತಾನೆ" ಎಂದಳು. ನಾನು ಪುನಃ ರೈತ. ನಿನ್ನನ್ನು ಸೋಲಿಸಲಿಕ್ಕೆ ಆಗಲಿಲ್ಲ, ಇವಳನ್ನು ಸೋಲಿಸುವ ಹಾಗೂ ಕಾಣುವುದಿಲ್ಲ. ಆದರೂ ಬಿಡುವವ ನಾನಲ್ಲ ಮಾರಾಯ.