ಮೂವತ್ತನೆಯ ದಿನದ ತಟ್ಟೆ

ಮೂಡಲಪಾಳ್ಯ, ಬೆಂಗಳೂರು
೧೪ ಜೂನ್ ೨೦೨೫, ಶನಿವಾರ, ಸಂಜೆ ಆರೂವರೆ

ಪ್ರೀತಿಯ ಜ್ಞಾನಮ್ಮಾ,

ಹೇಗಿದ್ದೀಯ? ಮಂಡಿನೋವಿನ ಎಣ್ಣೆ ಇಲ್ಲೇ ಬಿಟ್ಟು ಹೋಗಿದ್ದೀಯ, ಇದರ ಜೊತೆ ಕಳಿಸಿದ್ದೇನೆ. ಕನಕಪುರದಲ್ಲಿ ನಿನ್ನ ತಂಗಿಯಾದರೂ ನಿನಗೆ ಎರಡು ತುತ್ತು ತಿನ್ನಿಸುತ್ತಿದ್ದಾಳೆ ಎಂದುಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಅನ್ನ ನಾನೇ ಮಾಡಿಕೊಳ್ಳುತ್ತೇನೆ, ಮೊನ್ನೆ ತಳ ಹಿಡಿಯಿತು. ನೀನು ಫೋನು ಎತ್ತುವುದಿಲ್ಲ, ಎತ್ತಿದರೂ ನನಗೆ ಮಾತು ಬರುವುದಿಲ್ಲ. ಅದಕ್ಕೇ ದಿನಾ ಡೈರಿ ಬರೆಯುವ ಹೊತ್ತಿಗೆ ಇವತ್ತು ಈ ಕಾಗದ.

ಹೊಲಿಗೆ ಅಂಗಡಿ ಬಾಗಿಲು ಹಾಕಿ, ಮಗ ಸನ್ಯಾಸಿಯಾಗಿ ಸೇರಿದ್ದ ಕೆಂಗೇರಿಯಾಚೆಯ ಮಠಕ್ಕೆ ಹೋಗಿದ್ದೆ. ನಮ್ಮ ಬಾಲುವನ್ನು ಅಲ್ಲಿ ಮಣ್ಣು ಮಾಡಿದ ಮೇಲೆ ಇದೇ ಮೊದಲು. ‘ಆ ಗೇಟು ತುಳೀಬೇಡಿ’ ಅಂದಿದ್ದೆ ನೀನು. ಹೇಳದೆ ಹೋದೆ, ತಪ್ಪಾಯಿತು. ಸಮಾಧಿಯ ಮೇಲೆ ಹುಲ್ಲು ಎದ್ದಿದೆ. ಮಧ್ಯಾಹ್ನದ ಗಂಟೆ ಹೊಡೆದಾಗ ಎಲ್ಲರೂ ದೇವಾಲಯದಲ್ಲಿ ಎದುರುಬದುರು ನಿಂತು ಕೀರ್ತನೆ ಹಾಡಿದರು, ಈ ಸಾಲಿನವರು ಒಂದು ಚರಣ, ಆ ಸಾಲಿನವರು ಒಂದು. ಅವನು ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು, ನಾನು ಅತ್ತ ನೋಡಲಿಲ್ಲ. ಆಮೇಲೆ ಹಿರಿಯ ಸ್ವಾಮಿಗಳು ಊಟಕ್ಕೆ ಕರೆದರು. ‘ಮೂಗರ ಪಂಕ್ತಿ’ ಎಂದು ನೀನು ಬೈಯುತ್ತಿದ್ದೆಯಲ್ಲ, ಹಾಗೇ ಇದೆ. ಒಬ್ಬರು ನಿಂತು ಓದುತ್ತಾರೆ, ಉಳಿದವರು ಮಾತಿಲ್ಲದೆ ಉಣ್ಣುತ್ತಾರೆ. ಆದರೆ ಒಬ್ಬನಿಗೆ ಉಪ್ಪು ಬೇಕೆನ್ನುವುದು ಅವನು ಕೇಳುವ ಮೊದಲೇ ಪಕ್ಕದವನಿಗೆ ಗೊತ್ತಾಗುತ್ತದೆ. ಬಾಲುವಿನ ಜಾಗದಲ್ಲಿ ತಟ್ಟೆ, ಲೋಟ, ಒಂದು ಮರದ ಶಿಲುಬೆ ಇಟ್ಟಿದ್ದಾರೆ. ಯಾರಾದರೂ ತೀರಿಕೊಂಡರೆ ಮೂವತ್ತು ದಿನ ಹೀಗೆ ಬಡಿಸುವುದು ಅಲ್ಲಿಯ ಪದ್ಧತಿಯಂತೆ. ಬಡಿಸಿದ್ದನ್ನು ಗೇಟಿನಾಚೆ ಯಾರಾದರೂ ಬಡವರಿಗೆ ಕೊಡುತ್ತಾರೆ.

ಅದನ್ನು ಉಣ್ಣುತ್ತಿರುವವಳು ಕಸ್ತೂರೆವ್ವ. ಅಲ್ಲಿ ರಸ್ತೆ ಗುಡಿಸುತ್ತಾಳೆ, ಗದಗಿನ ಕಡೆಯವಳು. ನಾನು ಯಾರೆಂದು ತಿಳಿದ ಕೂಡಲೇ ಎದ್ದು ಸೆರಗು ಸರಿಮಾಡಿಕೊಂಡಳು. ‘ನಿಮ್ಮ ಮಗನ ಊಟ ನಾನs ಉಣ್ಣಾಕತ್ತೀನ್ರಿ ಯಪ್ಪಾ. ಸಾರಿಗೆ ಉಪ್ಪs ಹಾಕೂದಿಲ್ಲ ಇವ್ರು. ಹ್ಯಾಂಗ ತಿಂತಿದ್ದನೋ ಪಾಪ!’ ಅಂದಳು. ನನಗೆ ನಗು ಬಂತು ಕಣೇ. ನಕ್ಕು ಒಂದು ತಿಂಗಳಾಗಿತ್ತು.

ಈಗ ಕಜ್ಜಾಯದ ವಿಷಯ. ಏಪ್ರಿಲಿನಲ್ಲಿ, ಈಸ್ಟರಿಗೆ ಮೊದಲಿನ ಉಪವಾಸದ ತಪಸ್ಸುಕಾಲದಲ್ಲಿ, ನೀನು ಕಜ್ಜಾಯ ಮಾಡಿ ಒಯ್ದಿದ್ದೆ. ಅವನು ಮುಚ್ಚಳ ಕೂಡ ತೆಗೆಯದೆ ಡಬ್ಬಿಯನ್ನು ಕಿಟಕಿಯಲ್ಲಿಟ್ಟ. ‘ಹೆತ್ತೋಳ ಕೈದು ಬೇಡವಾಯ್ತೇನೋ? ಇನ್ಮೇಲೆ ಏನೂ ತರಲ್ಲ, ಹೋಗೋ’ ಎಂದು ನೀನು ಎದ್ದು ಬಂದೆ. ‘ಕೂತ್ಕೊಳಮ್ಮ’ ಅಂದ, ನೀನು ಕೂರಲಿಲ್ಲ. ಮುಂದೆ ಮೇ ತಿಂಗಳಲ್ಲಿ ಅವನಿಗೆ ಡೆಂಗ್ಯೂ, ಐದೇ ದಿನ. ಮಣ್ಣು ಮಾಡಿ ಬಂದ ದಿನ ನೀನು ಗೋಡೆಗೆ ಹೇಳಿಕೊಂಡದ್ದು ನನಗೆ ಕೇಳಿಸಿತ್ತು. ‘ನನ್ನ ಮೇಲೆ ಕೋಪ ಇಟ್ಕೊಂಡೇ ಹೋದ.’

ಇವತ್ತು ಅದನ್ನು ಹಿರಿಯ ಸ್ವಾಮಿಗಳಲ್ಲಿ ಕೇಳಿಯೇ ಬಿಟ್ಟೆ. ಅಲ್ಲಿ ಯಾರಿಗೆ ಏನು ಬಂದರೂ, ಹೆತ್ತವರೇ ತಂದರೂ, ಮೊದಲು ಹಿರಿಯ ಸ್ವಾಮಿಗಳ ಕೈಗೇ ಕೊಡಬೇಕಂತೆ. ಬಾಲು ಅವತ್ತೇ ಡಬ್ಬಿ ಒಪ್ಪಿಸಿ, ‘ಪಾಸ್ಕ ಹಬ್ಬಕ್ಕೆ ಎಲ್ರಿಗೂ ಹಂಚಬಹುದಾ ಸ್ವಾಮಿ?’ ಎಂದು ಕೇಳಿದ್ದನಂತೆ. ಹಬ್ಬದ ದಿನ ಊಟದಲ್ಲಿ ಮಾತಾಡಬಹುದು. ಅವನೇ ಎಲ್ಲರಿಗೂ ಬಡಿಸಿದ. ತನಗೇ ಸಾಲದಾಯಿತು. ಹಲ್ಲಿಲ್ಲದ ಮುದುಕ ಸ್ವಾಮಿಯೊಬ್ಬರು ತಮ್ಮದನ್ನು ಮುರಿದು ಅರ್ಧ ಕೊಟ್ಟರು. ಬಾಲು ಅದನ್ನು ತಿಂದು, ‘ನಮ್ಮಮ್ಮ ಗಸಗಸೆ ಜಾಸ್ತಿ ಹಾಕ್ತಾಳೆ, ಅಪ್ಪನ ಹಲ್ಲಿಗೆ ಸಿಕ್ಕೊಳತ್ತೆ’ ಅಂದನಂತೆ. ‘ಮುಂದಿನ ಹಬ್ಬಕ್ಕೂ ಹೇಳಪ್ಪ ನಿಮ್ಮಮ್ಮಂಗೆ’ ಎಂದರಂತೆ ಆ ಮುದುಕ. ಅದಕ್ಕೆ ನಮ್ಮವನು, ‘ಅಮ್ಮಂಗೆ ಈಗ ನನ್ಮೇಲೆ ಕೋಪ ಸ್ವಾಮಿ. ಒಂದಷ್ಟು ದಿನ ಇರತ್ತೆ, ಆಮೇಲೆ ಅವ್ಳೇ ಡಬ್ಬಿ ಹುಡುಕ್ಕೊಂಡು ಬರ್ತಾಳೆ’ ಅಂದನಂತೆ.

ಕೋಪ ಇದ್ದದ್ದು ನಿನಗೆ ಮಾತ್ರ, ಜ್ಞಾನಮ್ಮಾ. ಅವನಿಗೆ ಇರಲಿಲ್ಲ. ಬರುವಾಗ ನಾನು ಬಸ್ ಸ್ಟಾಪಿನಲ್ಲಿ ಕೂತು ಚೆನ್ನಾಗಿ ಅತ್ತೆ. ಎರಡು ಬಸ್ಸು ಹೋದವು. ಮನೆಗೆ ಬಂದು ಒಂದು ಗಂಟೆ ನಿದ್ದೆ ಮಾಡಿದೆ.

ಸರ್ವೇಶ್ವರ ನಿನ್ನ ಮನಸ್ಸಿಗೂ ಮಂಡಿಗೂ ಶಕ್ತಿ ಕೊಡಲಿ. ನಿನ್ನ ತಂಗಿಗೆ, ಮಕ್ಕಳಿಗೆ ನಾನು ಕೇಳಿದೆ ಎಂದು ಹೇಳು.

ನಿನ್ನ,
ಇನ್ನಾಸಪ್ಪ

ಮರೆತಿದ್ದೆ: ಡಬ್ಬಿ ತರಲಿಲ್ಲ. ತೊಳೆದು ಇಟ್ಟಿದ್ದಾರೆ, ಮುಚ್ಚಳದ ಮೇಲೆ ನಿನ್ನ ಹೆಸರು ಹಾಗೇ ಇದೆ. ನೀನೇ ಬಂದು ತೆಗೆದುಕೊಳ್ಳಬೇಕು. ನಾಳೆ, ಭಾನುವಾರ, ಮೂವತ್ತನೆಯ ದಿನ. ಕಸ್ತೂರೆವ್ವ ಸ್ವಾಮಿಗಳ ಮುಂದೆಯೇ ಅಂದಳು, ‘ಇಷ್ಟ ದಿನ ನಾ ಉಂಡೀನ್ರಿ, ನಾಳಿಂದು ಹಡದಾಕಿಗೆ ಹೋಗ್ಲಿ.’ ಹೆಂಗಸರು ಊಟದ ಮನೆಯೊಳಗೆ ಹೋಗುವಂತಿಲ್ಲ, ತಟ್ಟೆಯನ್ನು ಭೇಟಿ ಕೋಣೆಗೆ ತರುತ್ತಾರಂತೆ. ಈ ಕಾಗದ ತಂದ ಪಕ್ಕದ ಮನೆ ಕಾಂತರಾಜು ತರಕಾರಿ ತುಂಬಿಕೊಂಡು ಬೆಳಿಗ್ಗೆ ಎಂಟಕ್ಕೆ ಅಲ್ಲಿಂದ ಟೆಂಪೋ ಹೊರಡಿಸುತ್ತಾನೆ, ಮುಂದಿನ ಸೀಟು ಖಾಲಿ ಇದೆ. ನಾನು ಗೇಟಿನ ಹತ್ತಿರ ಇರುತ್ತೇನೆ. ಊಟದ ಗಂಟೆ ಹನ್ನೆರಡೂವರೆಗೆ.