ಅಭ್ಯಾಸದ ಕೋಣೆಗೆ ಬಿದ್ದ ಬೀಗ

ತರಬೇತಿ ವಿಭಾಗದ ಮಾನ್ಯ ನಿರ್ದೇಶಕರೇ,

ನೀವು ಅಭ್ಯಾಸದ ಕೋಣೆಗೆ ಬೀಗ ಹಾಕಿಸಿದ್ದರಿಂದ ಒಬ್ಬರ ಕಣ್ಣು ಹೋಗಿದೆ. ಬರುವ ಸೋಮವಾರ ಇನ್ನೆಷ್ಟು ಹೋಗಲಿವೆಯೋ ನನಗೆ ತಿಳಿಯದು. ಈ ಬಗ್ಗೆ ನಾಲ್ಕು ಪತ್ರ ಬರೆದೆ. ನಾಲ್ಕು ಸಲವೂ "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂತು. ಐದನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ಕಣ್ಣಿನ ಪೊರೆಯ ಆಪರೇಷನ್ನಿನಲ್ಲಿ, ಮಬ್ಬಾದ ಮಸೂರವನ್ನು ಸುತ್ತಿರುವ ತೆಳು ಚೀಲದ ಮುಂಭಾಗವನ್ನು ಚಿಮಟದಲ್ಲಿ ಹಿಡಿದು ದುಂಡಗೆ ಹರಿದು ತೆಗೆಯಬೇಕು. ಸೀಳು ಅಂಚಿನತ್ತ ಓಡಿತೋ, ಕೆಲಸ ಕೆಟ್ಟಿತು. ಹೊಸ ವೈದ್ಯರು ಇದನ್ನು ಆ ಕೋಣೆಯಲ್ಲಿ ಕೃತಕ ಕಣ್ಣುಗಳ ಮೇಲೆ ಕಲಿಯುತ್ತಿದ್ದರು. ಮೂವತ್ತು ಸಲ ದುಂಡು ಸರಿಯಾಗಿ ಬಂದ ಮೇಲಷ್ಟೇ ರೋಗಿಯ ಕಣ್ಣು. ಈಗ ಅಲ್ಲಿ ನಿಮ್ಮ ಹಳೆಯ ಕಡತಗಳು ವಿಶ್ರಾಂತಿ ಪಡೆಯುತ್ತಿವೆ. ಅವುಗಳ ಆರೋಗ್ಯ ಚೆನ್ನಾಗಿದೆಯೇ?

ಮೂರು ತಿಂಗಳ ಹಿಂದೆ ಮೇಜಿನ ಮೇಲೆ ಮಲಗಿದ್ದವರು ಗಡಿಯಾರ ರಿಪೇರಿ ಮಾಡುವವರು. ಮರಗಟ್ಟಿಸಿದ್ದು ಕಣ್ಣನ್ನಷ್ಟೇ, ಕಿವಿ ಎಚ್ಚರವಾಗಿತ್ತು. ಚಿಮಟ ಹಿಡಿದವಳು ಎರಡನೇ ವರ್ಷದ ಹುಡುಗಿ. ಜಾಣೆ, ಆದರೆ ಆ ಕೋಣೆಯ ಒಳಗನ್ನೇ ಕಾಣದವಳು. ಪಕ್ಕದಲ್ಲಿದ್ದ ಹಿರಿಯ ವೈದ್ಯರು "ಮೆಲ್ಲಗಮ್ಮಾ, ಒಳಕ್ಕೆ ಎಳಿ, ಒಳಕ್ಕೆ" ಎನ್ನುವಷ್ಟರಲ್ಲಿ ಸೀಳು ಸರ್ರನೆ ಅಂಚು ದಾಟಿ ಹಿಂಬದಿಗೆ ಹೋಯಿತು.

ಬಟ್ಟೆಯ ಕೆಳಗಿಂದ ಅವರು ಕೇಳಿದರು: "ಯಾಕಮ್ಮಾ, ಎಲ್ರೂ ಒಮ್ಮೆಗೇ ಸುಮ್ಮನಾಗ್ಬಿಟ್ರಿ?"

"ಏನಿಲ್ಲ ಅಣ್ಣಾ, ಅಲುಗಾಡ್ಬೇಡಿ" ಎಂದೆ. ಇಪ್ಪತ್ತಾರು ವರ್ಷದಿಂದ ಈ ಉಪಕರಣಗಳ ಟ್ರೇ ಹಿಡಿದಿದ್ದೇನೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಮಸೂರದ ಚೂರು ಕಣ್ಣಿನ ಆಳಕ್ಕೆ ಜಾರಿತ್ತು. ಇನ್ನೊಂದು ಆಪರೇಷನ್ ಆಯಿತು, ಮೇಲೆ ಸೋಂಕು. ಈಗ ಆ ಕಣ್ಣಿಗೆ ಕಾಣುವುದು ಕಿಟಕಿಯ ಬೆಳಕು ಮಾತ್ರ. ಹುಡುಗಿ ವಾರ್ಡಿನಲ್ಲಿ ಅವರೆದುರು ನಿಂತು ಬಿಕ್ಕಿದಾಗ ಅವರೇ ಸಮಾಧಾನ ಹೇಳಿದರು: "ನಾನೇ ಅಲುಗಾಡಿದ್ನೇನೋ ಮಗಳೇ, ಅಳ್ಬೇಡ." ಅವರು ಕಲ್ಲಿನಂತೆ ಮಲಗಿದ್ದರು, ಮಾನ್ಯರೇ. ನಾನು ನೋಡಿದ್ದೇನೆ. ಅವಳೀಗ ಹಾಸ್ಟೆಲಿನ ಅಡುಗೆಮನೆಯಲ್ಲಿ ಟೊಮೆಟೊ ಸಿಪ್ಪೆ ಹರಿದು ಕಲಿಯುತ್ತಿದ್ದಾಳೆ. ನಿಮ್ಮ ದಾಖಲೆಯಲ್ಲಿ ಮಾತ್ರ ಅವಳ 'ತರಬೇತಿ ಪೂರ್ಣ'ವಾಗಿ ವರ್ಷವಾಗುತ್ತ ಬಂತು!

ಸೋಮವಾರದ ಪಟ್ಟಿಯಲ್ಲಿ ಹದಿನಾಲ್ಕು ಮಂದಿ ಇದ್ದಾರೆ. ಚಿಮಟ ಹಿಡಿಯುವವರು ಮೂವರು ಹೊಸಬರು. ನಿನ್ನೆ ಅವರಲ್ಲೊಬ್ಬ ನನ್ನನ್ನು ಪಕ್ಕಕ್ಕೆ ಕರೆದು, "ಸಿಸ್ಟರ್, ಆ ಚೀಲದ ಪದರ ಎಷ್ಟು ಗಟ್ಟಿ ಇರುತ್ತೆ?" ಎಂದು ಪಿಸುಗುಟ್ಟಿದ. ಆ ಪಟ್ಟಿಯ ಏಳನೇ ಹೆಸರು ಗಡಿಯಾರದವರದು. ಅವರಿಗೆ ಉಳಿದಿರುವ ಒಂದೇ ಕಣ್ಣು ಅದು. ಅದಕ್ಕೆ ಕೈ ಹಾಕುವವರು ಯಾರೆಂದು ಬರೆಯಬೇಕಾದ ಜಾಗ ಖಾಲಿ ಇದೆ.

ಶನಿವಾರದೊಳಗೆ ಕಡತಗಳನ್ನು ಬೇರೆಡೆ ಸಾಗಿಸಿ ಕೋಣೆ ತೆರೆಸಿ. ಮೂವತ್ತು ಸಲ ದುಂಡು ಬಾರದ ಕೈ ಯಾರ ಕಣ್ಣನ್ನೂ ಮುಟ್ಟಕೂಡದೆಂದು ಆದೇಶ ಹೊರಡಿಸಿ. ಇಲ್ಲವಾದರೆ ಸೋಮವಾರ ನಾನು ಟ್ರೇ ಮುಟ್ಟುವುದಿಲ್ಲ. ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಹದಿನಾಲ್ಕು ಮಂದಿಯಲ್ಲಿ ಒಬ್ಬೊಬ್ಬರಿಗೂ ನಿಜ ಹೇಳುತ್ತೇನೆ.

ಇಂತಿ,
ಈ ಪತ್ರ ಅಚ್ಚಾಗುವವರೆಗೆ ನಿಮ್ಮ ಆಪರೇಷನ್ ಥಿಯೇಟರಿನ ಹಿರಿಯ ನರ್ಸ್ ಆಗಿದ್ದವಳು