ಟರ್ಬೊಗೆ ಸಾಂಬ್ರಾಣಿ ಹೊಗೆ

ಕಾಗದನಗರ, ಭದ್ರಾವತಿ
ಮಂಗಳವಾರ, ೧೮ ನವೆಂಬರ್ ೨೦೨೫

ಪ್ರೀತಿಯ ರಾಜಿಗೆ,

ನಿನ್ನ ಜಂಬಣ್ಣ ಮಾವ ತಲೆ ಮುಟ್ಟಿ ಹರಸಿದ್ದಾನೆ ಎಂದುಕೊಂಡು ಮುಂದೆ ಓದು. ಹಾಸನದಲ್ಲಿ ಚಳಿ ಹೇಗಿದೆ? ಎಮ್ಮೆ ಒದ್ದ ಮೊಣಕಾಲಿನ ಊತ ಇಳಿಯಿತೇ? ಪಶುವೈದ್ಯ ತರಬೇತಿಗೆ ಹೋದವಳು ದನಕ್ಕೆ ಸೂಜಿ ಹಾಕುವುದನ್ನು ಕಲಿಯಬೇಕೇ ಹೊರತು ಒದೆ ತಿನ್ನುವುದನ್ನಲ್ಲ ಎಂದು ನಿಮ್ಮಮ್ಮ ಹೇಳಿ ಕಳಿಸಿದ್ದಾಳೆ. ಹಾಸ್ಟೆಲಿನ ಸಾರು ನೀರಾಗಿದ್ದರೆ ಜಗಳ ಆಡು, ಸುಮ್ಮನೆ ಉಣ್ಣಬೇಡ. ನಾನಂತೂ ಕಲ್ಲುಗುಂಡಿನ ಹಾಗಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುನಡುವೆ ನಗುತ್ತೀಯ, ನನ್ನ ಕಥೆಯ ದಾರಿ ತಪ್ಪುತ್ತದೆ. ಕಾಗದದಲ್ಲಾದರೆ ನಾನು ಮುಗಿಸುವವರೆಗೆ ನೀನು ಬಾಯಿ ತೆರೆಯುವ ಹಾಗಿಲ್ಲ. ಊರ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನ ಅಕ್ಷರ, ಸಾವಕಾಶವಾಗಿ ಓದು.

ವಿಷಯ ನಿನ್ನ ಕಾರಿನದು. ಪೋಸ್ಟಿಂಗ್ ಸಿಕ್ಕ ಮೇಲೆ ಔಷಧಿ ಪೆಟ್ಟಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗುತ್ತೇನೆ ಎಂದು, ಡೈರಿಯಲ್ಲಿ ದುಡಿದು ಕೂಡಿಟ್ಟದ್ದರಲ್ಲಿ ಆ ಹಳೇ ಡೀಸೆಲ್ ಗಾಡಿ ಕೊಂಡು ದುರ್ಗಿಗುಡಿಯ ನಿಮ್ಮ ಮನೆ ಮುಂದೆ ನಿಲ್ಲಿಸಿ ಹೋದೆಯಲ್ಲ, ನೀನು ಬಸ್ಸು ಹತ್ತಿದ ವಾರದಲ್ಲೇ ಅದಕ್ಕೆ ಉಬ್ಬಸ ಹಿಡಿಯಿತು. ಸಮತಟ್ಟಿನಲ್ಲಿ ಮದುಮಗಳ ಹಾಗೆ ಹೋಗುವುದು, ಏರು ಬಂತೆಂದರೆ ಹುಸ್ ಎಂದು ಉಸಿರು ಬಿಟ್ಟು, ಹಿಂದೆ ಕಪ್ಪು ಹೊಗೆ, ಮುಂದೆ ಮೀಟರಿನ ಪಕ್ಕ ಎಚ್ಚರಿಕೆಯ ಹಳದಿ ದೀಪ. ಎಷ್ಟು ತುಳಿದರೂ ಮಲಗಿದ ಎತ್ತು. ನಿಮ್ಮಪ್ಪ ಕಂಪ್ಯೂಟರ್ ಇರುವ ಗ್ಯಾರೇಜಿಗೆ ಒಯ್ದರು. ಅವರು ವೈರು ಚುಚ್ಚಿ ನೋಡಿ, ಟರ್ಬೊ ಹೋಗಿದೆ, ಹೊಸದೇ ಹಾಕಬೇಕು ಎಂದರಂತೆ. ನಿಮ್ಮಪ್ಪನಿಗೆ ಅದೇ ಬೇಕಾಗಿತ್ತು. ಹೆಣ್ಣುಮಗಳಿಗೆ ಟರ್ಬೊ ಯಾಕೆ, ಇದನ್ನು ಮಾರಿ ಒಂದು ಸ್ಕೂಟರು ಕೊಡಿಸ್ತೀನಿ ಎಂದು ಕೂತರು. ನನಗೆ ರೇಗಿತು. ಏನಾಗಿದೆ ಎಂದು ತಿಳಿಯುವ ಮೊದಲೇ ಹೆಣ ಎತ್ತುವವರನ್ನು ಕಂಡರೆ ನನಗೆ ಆಗುವುದಿಲ್ಲ. ಟರ್ಬೊ ಎಂದರೆ ಎಂಜಿನ್ನು ಬಿಟ್ಟ ಹೊಗೆಯ ರಭಸಕ್ಕೆ ತಿರುಗಿ, ಅದೇ ಎಂಜಿನ್ನಿಗೆ ಗಾಳಿ ಊದುವ ಫ್ಯಾನು. ಊದಿದ ಗಾಳಿ ದಾರಿಯಲ್ಲಿ ಸೋರಿಹೋದರೆ ಅದು ಫ್ಯಾನಿನ ತಪ್ಪೇ ಮಾರಾಯ್ತಿ?

ಮೊದಲು ಡೀಸೆಲ್ ಫಿಲ್ಟರ್ ಬದಲಿಸಿದೆ. ಬೀದಿಯವರನ್ನೆಲ್ಲ ನಿಲ್ಲಿಸಿಕೊಂಡು, ರೋಗ ಸಿಕ್ಕಿತು ಎಂದು ಸಾರಿದೆ. ಉಬ್ಬಸ ಒಂದಿಷ್ಟೂ ಇಳಿಯಲಿಲ್ಲ. ಇರಲಿ, ಆ ಫಿಲ್ಟರ್ ಹೇಗೂ ಹಳೆಯದಾಗಿತ್ತು. ಆಮೇಲೆ ಪೈಪು ಬಿಚ್ಚಿ ಟರ್ಬೊ ಒಳಗೆ ಬೆರಳು ಹಾಕಿ ನೋಡಿದರೆ ಫ್ಯಾನು ಹಗುರವಾಗಿ ತಿರುಗುತ್ತದೆ, ಅಲುಗಾಟವಿಲ್ಲ. ಜೀವ ಗಟ್ಟಿಯಾಗಿದೆ. ಹಾಗಾದರೆ ಗಾಳಿ ಎಲ್ಲೋ ಸೋರುತ್ತಿದೆ. ಆದರೆ ಗಾಳಿಯನ್ನು ಕಣ್ಣಿಂದ ನೋಡುವುದು ಹೇಗೆ? ಅಲ್ಲಿದೆ ನೋಡು ನಿನ್ನ ಮಾವನ ತಲೆ. ನಿಮ್ಮಮ್ಮನ ದೇವರ ಮನೆಯಿಂದ ಸಾಂಬ್ರಾಣಿ ಎತ್ತಿದೆ. ಎಣ್ಣೆ ಡಬ್ಬದಲ್ಲಿ ಕೆಂಡ ಹಾಕಿ, ಅದರ ಮೇಲೆ ಸಾಂಬ್ರಾಣಿ ಉದುರಿಸಿ, ಕುಲುಮೆಯಲ್ಲಿ ಬೆಂಕಿ ಊದುವ ಕೈ ಬ್ಲೋವರಿನಿಂದ ಆ ಹೊಗೆಯನ್ನು ತಣ್ಣಗಿದ್ದ ಎಂಜಿನ್ನಿನ ಗಾಳಿ ಪೈಪಿಗೆ ಊದಿದೆ. ಇನ್ನೊಂದು ತುದಿಗೆ ಬಟ್ಟೆ ತುರುಕಿದ್ದೆ.

ಬಾನೆಟ್ ತೆರೆದ ಕಾರಿಗೆ ಧೂಪ ಹಾಕುತ್ತಿರುವುದು ನೋಡಿ ಪಕ್ಕದ ಮನೆ ಮನೋಹರ ಗೇಟಿಗೆ ಬಂದು ನಿಂತ. "ಮೆಕ್ಯಾನಿಕ್ ಕೈಬಿಟ್ಟ ಮೇಲೆ ದೇವರೇ ಗತಿ ಅಲ್ವಾ ಜಂಬಣ್ಣ" ಎಂದ. ಎದುರು ಮನೆಯಾಕೆ ನಿಜವಾಗಿಯೇ ತೆಂಗಿನಕಾಯಿ ತಂದು, ಯಾವ ದೇವರ ಹರಕೆ ಎಂದು ಕೇಳಿದರು. ಇನ್ನೊಬ್ಬರು ಚಪ್ಪಲಿ ಕಳಚಿಟ್ಟು ಕೈಮುಗಿದರು. ನಾನು ಬ್ಲೋವರ್ ತಿರುಗಿಸುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ರಬ್ಬರ್ ಪೈಪಿಗೆ ಹಾಕಿದ ಕ್ಲಿಪ್ಪಿನ ಅಡಿಯಿಂದ ದಾರದೆಳೆಯಂಥ ಹೊಗೆ ಎದ್ದಿತು. ಅಲ್ಲೇ ಸೀಳು. ಗಾಳಿ ತುಂಬಿ ಉಬ್ಬಿದಾಗ ಬಾಯಿ ಬಿಡುತ್ತದೆ, ಇಲ್ಲದಿದ್ದರೆ ಕಳ್ಳನ ಹಾಗೆ ಮುಚ್ಚಿಕೊಂಡಿರುತ್ತದೆ. ಮನೋಹರನಿಗೆ ತೋರಿಸಿದೆ. ಬಗ್ಗಿ ನೋಡಿ, ಕೆಮ್ಮಿ, ಮನೆಯೊಳಗೆ ಹೋದ. ಕಾಯಿ ನಾನೇ ಒಡೆದು ತಿಂದೆ.

ಆಗ ನಿಮ್ಮಪ್ಪ ಸವಾಲು ಹಾಕಿದರು. "ಜನ ತುಂಬ್ಕೊಂಡು ರಾಗಿಗುಡ್ಡದ ಏರು ಹತ್ತಿಸಿ ತೋರ್ಸು ಜಂಬ, ಆಮೇಲೆ ಮಾರೋ ಮಾತೇ ಎತ್ತಲ್ಲ." ಕೇಳಿದ್ದೇ ತಡ, ಸೀಳಿಗೆ ಟಯರ್ ಟ್ಯೂಬು ಸುತ್ತಿ ಹೊರಟೇಬಿಟ್ಟೆ. ಏರಿನ ಅರ್ಧದಲ್ಲಿ ಟ್ಯೂಬು ಢಬ್ಬೆಂದು ಹಾರಿತು. ನಿಮ್ಮಪ್ಪ ನಕ್ಕ ರಭಸಕ್ಕೆ ಕನ್ನಡಕ ಕಳಚಿ ತೊಡೆ ಮೇಲೆ ಬಿತ್ತು. ನಗಲಿ ಎಂದುಕೊಂಡು ಹೊಸ ಪೈಪು, ಹೊಸ ಕ್ಲಿಪ್ಪು ತಂದು ಹಾಕಿದೆ. ಮೊನ್ನೆ ಭಾನುವಾರ ಭಾವ, ಅಕ್ಕ, ಮನೋಹರ, ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಎಲ್ಲ ಹೇರಿಕೊಂಡು ಮತ್ತೆ ಅದೇ ಏರು. ಬೇಕೆಂದೇ ನಡುವೆ ನಿಲ್ಲಿಸಿ ಮತ್ತೆ ಎತ್ತಿದೆ. ಹೊಗೆಯಿಲ್ಲ, ದೀಪವಿಲ್ಲ, ಹುಸ್ ಎನ್ನುವ ಸದ್ದೂ ಇಲ್ಲ. ಮೇಲೆ ಹೋಗಿ ಹಾರನ್ ಹೊಡೆದೆ, ಯಾರಿಗೂ ಅಲ್ಲ, ನನಗೇ.

ನಿಮ್ಮಪ್ಪ ಇಳಿದು ಕಾರಿಗೆ ಒಂದು ಸುತ್ತು ಬಂದರು. ಬಾನೆಟ್ ತಟ್ಟಿದರು. "ಈಗ ಒಳ್ಳೆ ರೇಟು ಬರುತ್ತೆ" ಎಂದರು. ಮಾತು ಕೊಟ್ಟಿದ್ರಲ್ಲ ಭಾವ ಎಂದೆ. ಕೆಟ್ಟ ಗಾಡಿ ಯಾರ ತಲೆಗೂ ಕಟ್ಟಬಾರದು ಅಂತ ಇಷ್ಟು ದಿನ ಗಿರಾಕಿ ಹುಡುಕಿರಲಿಲ್ಲ, ಈಗ ಆ ಪಾಪವೂ ಇಲ್ಲ ಎಂದರು. ನಾನು ರಿಪೇರಿ ಮಾಡಿದ್ದು ನಿನಗಲ್ಲ, ಗಿರಾಕಿಗೆ ಎಂದಾಯಿತು. ಯೋಗೇಶ್ ಅಂತ ಒಬ್ಬ ಬರುವ ಭಾನುವಾರ ನೋಡಲು ಬರುತ್ತಾನೆ. ಭಾವ ಕೆಟ್ಟವರಲ್ಲ, ಅದು ನನಗೂ ಗೊತ್ತು. ಕತ್ತಲಾದ ಮೇಲೆ ನೀನೊಬ್ಬಳೇ ಹಳ್ಳಿ ದಾರಿಯಲ್ಲಿ ಗಾಡಿ ಓಡಿಸುವುದನ್ನು ನೆನೆದರೆ ಅವರಿಗೆ ಅನ್ನ ಸೇರುವುದಿಲ್ಲ. ಅದಕ್ಕೆ ನೀನು ಮನೆಯಲ್ಲಿ ಕೂರಬೇಕೇ? ನಿಮ್ಮಮ್ಮ ಮಾತ್ರ ಅವತ್ತು ಕಾರಿನಿಂದ ಇಳಿಯಲೇ ಇಲ್ಲ. ಇನ್ನೊಂದು ಸುತ್ತು ಹೋಗೋಣ ಕಣೋ ಎಂದಳು.

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು. ಆ ಎಮ್ಮೆಗೂ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ ಮಾವ,
ಜಂಬಣ್ಣ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ನಿನ್ನೆ ನಾನು ಹೊಸ ಪೈಪು ಬಿಚ್ಚಿಕೊಂಡು ಬಂದೆ. ಪೇಪರಿನಲ್ಲಿ ಸುತ್ತಿ ನನ್ನ ಮಂಚದ ಕೆಳಗಿದೆ. ಗಾಡಿಯಲ್ಲಿರುವುದು ಆ ಸೀಳು ಪೈಪೇ. ಯೋಗೇಶ್ ರಾಗಿಗುಡ್ಡ ಹತ್ತಿಸಿ ನೋಡಲಿ. ಆದರೆ ಇದರಿಂದ ಒಂದು ಭಾನುವಾರದ ಮಾರಾಟ ತಪ್ಪುತ್ತದೆ, ಅಷ್ಟೇ. ಅದರ ಮುಂದಿನ ವಾರ ನಿಮ್ಮಪ್ಪ ಚಕ್ಕುಲಿ ಡಬ್ಬಿಯ ಜೊತೆ ಮಾರಾಟದ ಫಾರಂ ಹಿಡಿದು ಹಾಸನಕ್ಕೆ ಬರುತ್ತಾರೆ. ಗಾಡಿ ನಿನ್ನ ಹೆಸರಲ್ಲಿದೆ. ಚಕ್ಕುಲಿ ತಿನ್ನು, ಸಹಿ ಹಾಕಬೇಡ. ಮಾವ ಹೇಳಿದ ಎನ್ನಬೇಡ, ಅಳಬೇಡ, ಮುಖ ನೋಡಿಯೇ ಮಾರಲ್ಲಪ್ಪ ಅನ್ನು. ಪೈಪು ಬಿಚ್ಚುವುದು ನನ್ನ ಕೈಲಾಗುತ್ತದೆ, ಆ ಮಾತು ನಿನ್ನ ಬಾಯಿಂದಲೇ ಬರಬೇಕು. ಹೇಳಿಬಿಟ್ಟೆ ಎಂದು ಫೋನ್ ಮಾಡು, ಅವತ್ತೇ ಹೊಸ ಪೈಪು ಹಾಕುತ್ತೇನೆ.